ನಿಂತಿದ್ದ ಜೀಪು, ನಡೆಯದ ಸರ್ವೆ

ಆದಾಯ ತೆರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಎಂದರೆ ಜನರಿಗೆ ನೆನಪಾಗುವುದು ದಾಳಿ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ದಾಳಿಗೆ ಹೋಗಿದ್ದು ಎರಡೇ ಸಲ. ಒಂದರಲ್ಲಿ ಇಡೀ ದಿನ ಹಿತ್ತಲ ಬಾಗಿಲು ಕಾಯುವ ಕೆಲಸ ನನ್ನದಾಗಿತ್ತು. ಆ ಬಾಗಿಲಿನಿಂದ ಒಂದು ಬೆಕ್ಕು ಬಿಟ್ಟರೆ ಯಾರೂ ಹೊರಗೆ ಬರಲಿಲ್ಲ. ಉಳಿದ ವರ್ಷಗಳೆಲ್ಲ ಕಾಗದ, ಬಸ್ಸು, ಅಂಗಡಿ ಮುಂದಿನ ಬೆಂಚು ಇವುಗಳಲ್ಲೇ ಕಳೆದವು. ಈಗ ಪರೀಕ್ಷೆ ಪಾಸು ಮಾಡಿ ಇಲಾಖೆಗೆ ಸೇರುತ್ತಿರುವವರು ಕಂಪ್ಯೂಟರಿನ ಮುಂದೆ ಕೂತೇ ಊರೂರಿನ ವ್ಯಾಪಾರ ನೋಡಬಲ್ಲರು. ಅವರಿಗೆ ಹಳೆಯ ಕೆಲಸ ಹೇಗಿತ್ತು ಎಂದು ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು ಯಾವ ದಾಖಲೆ ಕೈಗೆ ಬಂದರೂ ಅದನ್ನು ಬರೆದವನಿಗೆ ಏನು ಲಾಭವಿತ್ತು ಎಂದು ಮೊದಲು ಕೇಳಿಕೊಳ್ಳಲು ಕಲಿಸಿದ್ದರು. ಇದನ್ನು ಓದುವವರೂ ಹಾಗೆ ಕೇಳಿಕೊಳ್ಳಬಹುದು. ಇಸವಿ ಕೇಳಿದರೆ ತೊಂಬತ್ತರ ದಶಕದ ನಡುವಿನದು ಎನ್ನಬಲ್ಲೆ, ಅದಕ್ಕಿಂತ ಖಚಿತವಾಗಿ ಹೇಳಲಾರೆ.

ನಮ್ಮ ಕಚೇರಿ ಜಿಲ್ಲಾ ಕೇಂದ್ರದಲ್ಲಿತ್ತು. ನನಗೆ ಹಂಚಿಕೆಯಾಗಿದ್ದ ತಾಲ್ಲೂಕುಗಳು ಶಿಕಾರಿಪುರ ಮತ್ತು ಸೊರಬ. ಅಧಿಕಾರಿ ಗುರುಪಾದಪ್ಪನವರು ಗದಗಿನ ಕಡೆಯವರು, ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ನನ್ನ ಜೊತೆ ತಿರುಗುತ್ತಿದ್ದವನು ನೋಟಿಸ್ ಮುಟ್ಟಿಸುವ ದ್ಯಾವಪ್ಪ. ಅವನು ಸೊರಬ ತಾಲ್ಲೂಕಿನವನೇ, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಇಬ್ಬರಿಗೂ ಸೇರಿ ಒಂದು ಹಳೆಯ ಜೀಪು. ಅದನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮರುದಿನ ತಳ್ಳಬೇಕು.

ಆಗ ಇಲಾಖೆಗೆ ಹೊಸ ತೆರಿಗೆದಾರರನ್ನು ಹುಡುಕುವ ಹುಮ್ಮಸ್ಸು. ಅಂಗಡಿ ಅಂಗಡಿಗೆ ಹೋಗಿ ಮಾಲೀಕರನ್ನು ಮಾತನಾಡಿಸಿ, ವ್ಯಾಪಾರ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯೋ ಎಂದೆಲ್ಲ ಕೇಳಿ, ಒಂದು ಹಾಳೆ ತುಂಬಿ, ಕೆಳಗೆ ಅವರ ಸಹಿ ತರಬೇಕು. ಇದಕ್ಕೆ ಸರ್ವೆ ಎನ್ನುತ್ತಿದ್ದೆವು. ಮಾರ್ಚ್ ಒಳಗೆ ಇಷ್ಟು ಹಾಳೆ ಎಂಬ ಗುರಿ ಮೇಲಿನಿಂದ ಬರುತ್ತಿತ್ತು.

ಮೊದಲ ಸಲ ಶಿಕಾರಿಪುರಕ್ಕೆ ಜೀಪಿನಲ್ಲಿ ಹೋದಾಗ ಬಸ್ ನಿಲ್ದಾಣದಿಂದ ಆಚೆಗಿನ ಸಾಲಿನಲ್ಲಿ ಒಂದಾದ ಮೇಲೊಂದು ಶಟರ್ ಇಳಿದವು. ನಮಗಿಂತ ಮುಂಚೆ ನಮ್ಮ ಸುದ್ದಿ ಓಡುತ್ತಿತ್ತು. ಜೀಪನ್ನು ಊರ ಹೊರಗೇ ಬಿಟ್ಟು, ಸಂತೆ ಇಲ್ಲದ ದಿನ ನೋಡಿ, ನಡೆದು ಹೋಗಬೇಕು ಎಂದು ದ್ಯಾವಪ್ಪ ಹೇಳಿಕೊಟ್ಟ. ‘ಮೊದ್ಲು ಬೆಂಚಿನ ಮೇಲೆ ಕೂತ್ಕಳಿ ಸಾರ್. ಎಂತದೂ ಕೇಳ್ಬೇಡಿ. ಕೂತಿದ್ದೋರ್ನ ಯಾರೂ ಏಳಿ ಅನ್ನಲ್ಲ,’ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಇಲಾಖೆಯ ತರಬೇತಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಆ ವರ್ಷದ ನನ್ನ ದೊಡ್ಡ ಎಡವಟ್ಟು ಅಕ್ಕಿ ಗಿರಣಿಯೊಂದರಲ್ಲಿ ಆಯಿತು. ಅಂಜನಾಪುರ ಜಲಾಶಯದ ನೀರಿಗೆ ಬೆಳೆದ ಭತ್ತ ಬರುವ ಗಿರಣಿ ಅದು, ಮಾಲೀಕರು ಚನ್ನವೀರಪ್ಪನವರು. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟರು. ವರ್ಷದಲ್ಲಿ ಗಿರಣಿ ಪೂರ್ತಿ ನಡೆದಿದ್ದು ಎರಡೂವರೆ ತಿಂಗಳು ಮಾತ್ರ, ಕರೆಂಟು ಇರಲೇ ಇಲ್ಲ ಎಂದರು. ನಾನು ಹಾಳೆಯ ಮೇಲೆ ‘ನಂಬಲರ್ಹವಲ್ಲ’ ಎಂದು ಬರೆದೆ. ಅವರು ಬಗ್ಗಿ ಅದನ್ನು ಓದಿ, ‘ನೀವು ನಂಬ್ರಿ ಅಂತ ನಾ ಎಲ್ಲಿ ಹೇಳೇನ್ರೀ ಸಾಹೇಬ್ರ? ಮೀಟರ್ ಅಲ್ಲೇ ಗ್ವಾಡಿಗೆ ಐತಿ, ನೋಡ್ರಿ,’ ಎಂದರು. ನಾನು ನೋಡಲಿಲ್ಲ. ತಿಂಗಳಾದ ಮೇಲೆ ಅವರು ವರ್ಷದ ವಿದ್ಯುತ್ ಬಿಲ್ಲುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿಕೊಂಡು ಕಚೇರಿಗೇ ಬಂದರು. ಹೇಳಿದ್ದಕ್ಕಿಂತ ಒಂದು ವಾರ ಕಡಿಮೆಯೇ ನಡೆದಿತ್ತು. ಅವರು ಹೋದ ಮೇಲೆ ಗುರುಪಾದಪ್ಪನವರು ನನ್ನನ್ನು ಕರೆದು, ‘ಅನುಮಾನ ಪಡಾಕ ಸರ್ಕಾರ ನಿಮಗ ಪಗಾರ ಕೊಡತೈತಿ, ಖರೆ. ಹೋಗಿ ನೋಡಿ ಬರಾಕೂ ಕೊಡತೈತ್ರಿ,’ ಎಂದರು. ಅಷ್ಟೇ. ಜೋರು ಮಾಡಲಿಲ್ಲ. ಅವರು ಜೋರು ಮಾಡಿದ್ದನ್ನು ನಾನು ಕಂಡಿಲ್ಲ, ಅಥವಾ ಕಂಡಿದ್ದು ಈಗ ಮರೆತಿರಬೇಕು.

ಈ ಪಾಠ ಕಲಿತ ಮೇಲೂ ಮರು ವರ್ಷವೇ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಆ ವರ್ಷ ಜನವರಿಯಲ್ಲಿ ಜೀಪು ಗ್ಯಾರೇಜು ಸೇರಿತು. ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರವಿದರು, ಬಿಡಿಭಾಗ ಬರಲಿಲ್ಲ. ಸೊರಬದ ಗುರಿ ಹಾಗೇ ಉಳಿದಿತ್ತು. ಆಗ ಎಲ್ಲ ಕಡೆ ನಡೆಯುತ್ತಿದ್ದ ಒಂದು ಪದ್ಧತಿ ಇತ್ತು, ನಾವು ಅದನ್ನು ಮೇಜಿನ ಸರ್ವೆ ಎಂದು ಕರೆಯುತ್ತಿದ್ದೆವು. ಪಟ್ಟಣ ಪಂಚಾಯಿತಿಯಲ್ಲಿ ಅಂಗಡಿ ಪರವಾನಗಿಯ ರಿಜಿಸ್ಟರ್ ಇರುತ್ತದೆ. ಅದರ ಹೆಸರುಗಳನ್ನು ತರಿಸಿಕೊಂಡು ಕಚೇರಿಯ ಮೇಜಿನ ಮೇಲೇ ಹಾಳೆ ತುಂಬುವುದು. ‘ಮಾಲೀಕರನ್ನು ಖುದ್ದಾಗಿ ಭೇಟಿ ಮಾಡಿ ವಿಚಾರಿಸಲಾಗಿದೆ’ ಎಂಬ ಸಾಲು ಅಚ್ಚಾಗಿಯೇ ಬರುತ್ತಿತ್ತು, ಬರೆಯುವ ಕಷ್ಟವೂ ಇಲ್ಲ. ಸಹಿಯ ಜಾಗದಲ್ಲಿ ‘ಸಹಿ ಮಾಡಲು ನಿರಾಕರಿಸಿದರು’ ಎಂದು ಬರೆದರೆ ಹಾಳೆ ಪೂರ್ಣ. ಹೀಗೆ ಸೊರಬದ ಪೇಟೆಯೆಲ್ಲ ಒಂದೇ ಋತುವಿನಲ್ಲಿ ನನಗೆ ಸಹಿ ನಿರಾಕರಿಸಿತು. ಬರೆಯುವಾಗ ಮನಸ್ಸು ಕುಟುಕಿತು ಎಂದು ಈಗ ಅನಿಸುತ್ತದೆ. ನಿಜವಾಗಿ ಕುಟುಕಿತೋ ಇಲ್ಲವೋ ಗೊತ್ತಿಲ್ಲ. ಬರೆದು ಮುಗಿಸಿದ್ದಂತೂ ನಿಜ.

ಅದರ ಮಾರನೇ ವರ್ಷ ಸಂಸತ್ತಿನ ಸಮಿತಿಯೊಂದರ ಪ್ರಶ್ನಾವಳಿ ಬಂತು. ಹೊಸಬರಿಗೆ ಇದು ಏನೆಂದು ಹೇಳಬೇಕು. ನಾವು ಜನರನ್ನು ಪ್ರಶ್ನೆ ಕೇಳುವ ಇಲಾಖೆ, ಸಂಸತ್ತು ನಮ್ಮನ್ನು ಪ್ರಶ್ನೆ ಕೇಳುವ ಸಭೆ. ಇಲಾಖೆ ನಡೆಯಲು ಬೇಕಾದ ಹಣಕ್ಕೆ ಅಲ್ಲಿ ಒಪ್ಪಿಗೆ ಸಿಗಬೇಕು. ಕೊಟ್ಟ ಹಣಕ್ಕೆ ಏನು ಕೆಲಸ ಮಾಡಿದಿರಿ ಎಂದು ವಿಚಾರಿಸಲು ಸದಸ್ಯರ ಸಮಿತಿಗಳಿವೆ. ಅವರ ಪ್ರಶ್ನೆ ದೆಹಲಿಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಮ್ಮಂಥವರ ಮೇಜಿಗೆ ಬರುತ್ತದೆ, ಉತ್ತರ ಮತ್ತೆ ಮೆಟ್ಟಿಲು ಹತ್ತುತ್ತದೆ. ಹತ್ತುವಾಗ ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಚೆಂದವಾಗುತ್ತದೆ.

ಪ್ರಶ್ನಾವಳಿಯಲ್ಲಿ ಎರಡು ಭಾಗ. ಒಂದರಲ್ಲಿ ಕೆಲಸದ ವಿಚಾರ: ಎಲ್ಲೆಲ್ಲಿ ಸರ್ವೆ ಮಾಡಿದಿರಿ, ಯಾವ ತಿಂಗಳು, ಸಿಕ್ಕವರಲ್ಲಿ ಎಷ್ಟು ಜನ ಮುಂದೆ ಆದಾಯದ ವಿವರ ಸಲ್ಲಿಸಿದರು. ಇನ್ನೊಂದರಲ್ಲಿ ಸೌಕರ್ಯದ ವಿಚಾರ: ಸಿಬ್ಬಂದಿ ಎಷ್ಟು, ವಾಹನ ಇದೆಯೇ, ಇಲ್ಲದ್ದರಿಂದ ಏನು ತೊಂದರೆ. ಎರಡಕ್ಕೂ ಉತ್ತರ ಬರೆದವನು ನಾನೇ. ಮೊದಲನೆಯದಕ್ಕೆ ಸರ್ವೆ ಹಾಳೆಗಳನ್ನು ನೋಡಿ, ಫೆಬ್ರವರಿ, ಮಾರ್ಚ್‌ನಲ್ಲಿ ಸೊರಬದ ಪ್ರತಿ ಅಂಗಡಿಗೂ ಭೇಟಿ ಕೊಟ್ಟೆವು ಎಂದು ಬರೆದೆ. ಎರಡನೆಯದಕ್ಕೆ ಹೊಸ ಜೀಪಿನ ಆಸೆಯಿಂದ, ಅದೇ ಎರಡು ತಿಂಗಳು ಜೀಪು ಗ್ಯಾರೇಜಿನಲ್ಲಿದ್ದು ಸೊರಬ ತಾಲ್ಲೂಕಿಗೆ ಒಂದು ದಿನವೂ ಹೋಗಲಾಗಲಿಲ್ಲ ಎಂದು ಬರೆದೆ. ಜೀಪಿನ ಓಡಾಟ ಬರೆದಿಡುವ ಲಾಗ್‌ಬುಕ್ಕಿನ ನಕಲೂ ಲಗತ್ತಿಸಿದೆ. ಗುರುಪಾದಪ್ಪನವರು ನನ್ನ ಮೇಲಿನ ವಿಶ್ವಾಸದಿಂದ ಎರಡಕ್ಕೂ ಸಹಿ ಹಾಕಿದರು.

ಉತ್ತರ ಹೋದ ಹತ್ತು ಹದಿನೈದು ದಿನಕ್ಕೆ ಕಾರ್ಬನ್ ಪ್ರತಿಗಳನ್ನು ಫೈಲಿಗೆ ಹೊಲಿಯುವಾಗ ಎರಡು ಹಾಳೆ ಅಕ್ಕಪಕ್ಕ ಬಂದವು. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತಿರುವುದು ಆಗ ಕಣ್ಣಿಗೆ ಬಿತ್ತು. ದಬ್ಬಣ ಹಾಗೇ ಹಾಳೆಯಲ್ಲಿ ಚುಚ್ಚಿಟ್ಟು ಎದ್ದು ಹೊರಗೆ ಹೋದೆ.

ಯಾರಿಗೂ ಹೇಳಲಿಲ್ಲ. ದೆಹಲಿಯಲ್ಲಿ ಇಷ್ಟೊಂದು ಕಾಗದದ ನಡುವೆ ಇದನ್ನು ಯಾರು ಓದುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಸಮಿತಿ ಅಧ್ಯಯನ ಪ್ರವಾಸಕ್ಕೆ ಬರುತ್ತಿದೆ, ನಮ್ಮ ಜಿಲ್ಲಾ ಕೇಂದ್ರದಲ್ಲೂ ಕೂರುತ್ತದೆ ಎಂಬ ಪತ್ರ ಬಂತು. ಗುರುಪಾದಪ್ಪನವರ ನಿವೃತ್ತಿಗೆ ಆಗ ಏಳು ತಿಂಗಳು. ಸಂಸತ್ತಿಗೆ ಸುಳ್ಳು ಉತ್ತರ ಕೊಟ್ಟರು ಎಂದು ಅವರ ಮೇಲೆ ವಿಚಾರಣೆ ಶುರುವಾದರೆ ಅದು ಮುಗಿಯುವವರೆಗೆ ಪಿಂಚಣಿ ನಿಲ್ಲುತ್ತದೆ. ಅಂಥ ವಿಚಾರಣೆಗಳು ಎಷ್ಟು ವರ್ಷ ಎಳೆಯುತ್ತವೆ ಎಂದು ಇಲಾಖೆಯಲ್ಲಿದ್ದವರಿಗೆಲ್ಲ ಗೊತ್ತು. ತಪ್ಪು ನನ್ನದು, ಸಹಿ ಅವರದು. ಹೋಗಿ ಹೇಳಿದೆ.

ಅವರು ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ನಿಧಾನ ಓದಿದರು. ಮೇಲಧಿಕಾರಿಗೆ ತಾವೇ ಫೋನು ಮಾಡಿದರು. ಆಚೆಯಿಂದ ಬಂದ ಸಲಹೆ ಸರಳವಾಗಿತ್ತು: ಲಾಗ್‌ಬುಕ್ ಹೊಸದಾಗಿ ಬರೆಯಿರಿ, ನಡುವೆ ನಾಲ್ಕು ಪ್ರವಾಸ ಸೇರಿಸಿ, ಹಳೆಯ ನಕಲು ಕಣ್ತಪ್ಪಿನಿಂದ ಹೋಯಿತು ಎನ್ನಿ. ಇದನ್ನು ಕೇಳಿ ನನಗೆ ನಾಚಿಕೆಗಿಂತ ಹೆಚ್ಚು ನಿರಾಳವಾಯಿತು. ಸ್ಟೇಷನರಿ ಬೀರುವಿನಿಂದ ಹೊಸ ಲಾಗ್‌ಬುಕ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟೂ ಇಟ್ಟೆ. ಊಟ ಮುಗಿಸಿ ಬಂದ ಗುರುಪಾದಪ್ಪನವರು ಅದನ್ನು ನೋಡಿ, ಎತ್ತಿ ತಾವೇ ಬೀರುವಿಗೆ ವಾಪಸು ಹಾಕಿದರು. ಆಮೇಲೆ ಸೊರಬದ ಸರ್ವೆ ಖರೇನ ಮಾಡಿದರೆ ಎಷ್ಟು ದಿನ ಬೇಕು ಎಂದು ಕೇಳಿದರು. ಹದಿನೈದು ದಿನ ಎಂದೆ. ಬಸ್ಸಿನಲ್ಲಿ ಹೋಗಿ ಎಂದರು.

ಆ ಹದಿನೈದು ದಿನ ನನ್ನ ನೌಕರಿಯಲ್ಲೇ ಒಳ್ಳೆಯ ದಿನಗಳು ಎಂದರೆ ವಿಚಿತ್ರವಾದೀತು. ದ್ಯಾವಪ್ಪ, ನಾನು, ಒಂದು ಕೈಚೀಲದ ತುಂಬ ಹಳೆಯ ಹಾಳೆ. ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಇಳಿಯುವುದು, ಹಾಳೆಯ ಹೆಸರನ್ನು ಅಂಗಡಿಯ ಬೋರ್ಡಿಗೆ ಹೋಲಿಸುವುದು. ರಿಜಿಸ್ಟರಿನಲ್ಲಿ ಎರಡು ಹೆಸರಿದ್ದಲ್ಲಿ ಒಂದೇ ಅಂಗಡಿ ಇತ್ತು. ಸೈಕಲ್ ಅಂಗಡಿ ಎಂದಿದ್ದ ಕಡೆ ದನದ ಕೊಟ್ಟಿಗೆ ಇತ್ತು. ದಿನಸಿ ವ್ಯಾಪಾರಿ ಎಂದು ನಾನು ತುಂಬಿದ್ದ ಒಬ್ಬರು ಶಿವನೆ ಮರದಲ್ಲಿ ಗಣಪತಿ ಕೆತ್ತುತ್ತ ಕೂತಿದ್ದರು. ತಲೆ ಎತ್ತದೆಯೇ, ತಾವು ಅಕ್ಕಿಬೇಳೆ ಮಾರುವುದನ್ನು ಯಾವಾಗ ಶುರು ಮಾಡಿದ್ದು ಎಂದು ನನ್ನನ್ನೇ ಕೇಳಿದರು. ಯಾವ ರಿಜಿಸ್ಟರಿನಲ್ಲೂ ಇಲ್ಲದ, ಚೆನ್ನಾಗಿ ವ್ಯಾಪಾರ ನಡೆಸುತ್ತಿದ್ದ ಶುಂಠಿ ಮಂಡಿಗಳೂ ಸಿಕ್ಕವು. ಮೇಜಿನ ಮುಂದೆ ಕೂತಿದ್ದರೆ ಅವು ಎಂದೂ ಸಿಗುತ್ತಿರಲಿಲ್ಲ.

ಮೂರನೆಯದೋ ನಾಲ್ಕನೆಯದೋ ದಿನ ಒಂದು ಪಾತ್ರೆ ಅಂಗಡಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಹಿಂದೆ ಐವತ್ತರ ಆಸುಪಾಸಿನ ಹೆಂಗಸು, ಹೆಸರು ಸಾವಿತ್ರಮ್ಮ. ನಾನು ಹಾಳೆಯಲ್ಲಿದ್ದ ಹೆಸರು ಹೇಳಿ ಮಾಲೀಕರಿದ್ದಾರಾ ಎಂದೆ. ಅದು ಅವರ ಗಂಡನ ಹೆಸರು. ಅವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು.

‘ಖುದ್ದಾಗಿ ಭೇಟಿ ಮಾಡಿ ವಿಚಾರಿಸಲಾಗಿದೆ ಅಂತ ಅದೆ,’ ಎಂದರು. ‘ಹೋದ್ವರ್ಷ ಬಂದಿದ್ರಾ?’

ನಾನು ಹಾಳೆಗೆ ಕೈ ಚಾಚಿದೆ.

‘ಅವ್ರು ಹೋಗಿ ಆರು ವರ್ಷ ಆತು. ನೀವು ಮಾತಾಡ್ಸಿದ್ರಲ್ಲ, ಏನಂದ್ರು?’

ದ್ಯಾವಪ್ಪ ಹೊರಗಿನ ಕೊಡಪಾನಗಳನ್ನು ನೋಡತೊಡಗಿದ. ಸಾವಿತ್ರಮ್ಮ ಹಾಳೆಯನ್ನು ಕೆಳಗಿನವರೆಗೂ ಓದಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ ಎಂದು ನನ್ನ ನೆನಪು, ಆದರೆ ಇಲ್ಲಿ ನನಗೆ ಅನುಕೂಲವಾದದ್ದನ್ನೇ ನೆನಪಿಟ್ಟುಕೊಂಡಿರಬಹುದು. ಆಡಿದ ಮಾತು ಮಾತ್ರ ಹೀಗೇ ಇತ್ತು: ‘ಸಹಿ ಮಾಡ್ಲಿಲ್ಲ ಅಂತ ಬರ್ದೀರಿ. ಹಂಗೆ ಬರೀಬಾರ್ದಿತ್ತು ಕಣ್ರೀ. ಯಾರು ಬಂದು ಜಾಮೀನು ಕೇಳಿದ್ರೂ ಸಹಿ ಹಾಕಿ ಕೊಡ್ತಿದ್ದ ಮನುಷ್ಯ ಅವ್ರು. ಅದ್ಕೇ ನಾವು ಇಷ್ಟು ಕಷ್ಟಪಟ್ಟಿದ್ದು.’

ಹೊಸ ಹಾಳೆ ತೆಗೆದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಸಹಿ ಹಾಕಿದರು. ಹಳೆಯ ಹಾಳೆಯನ್ನು ಹಿಂದಕ್ಕೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದು ಸರ್ಕಾರದ ಕಾಗದ ಎಂದು ಬೇಡಿಕೊಂಡು ಇಸಿದುಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ದ್ಯಾವಪ್ಪ, ‘ಸಾರ್, ಸತ್ತೋರು ಇನ್ನೂ ಎಷ್ಟು ಜನ ಅದಾರೆ ಆ ಚೀಲದಾಗೆ?’ ಎಂದ. ಹದಿನೈದು ದಿನ ಮುಗಿದಾಗ ಉತ್ತರ ಸಿಕ್ಕಿತು. ಒಂಬತ್ತು ಜನ.

ತಿದ್ದುಪಡಿ ಪತ್ರವನ್ನು ನಾನೇ ಬರೆದೆ. ಸರ್ವೆ ಮೇಜಿನ ಮೇಲೆ ನಡೆದಿತ್ತು, ಅದಕ್ಕೆ ಇನ್‌ಸ್ಪೆಕ್ಟರನಾದ ನಾನು ಹೊಣೆ, ಈಗ ನಿಜವಾಗಿ ಹೋಗಿ ನೋಡಿದ ವಿವರ ಇದು ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ ಗುರುಪಾದಪ್ಪನವರ ಮುಂದಿಟ್ಟೆ. ಅವರು ಪೆನ್ನು ತೆಗೆದು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ನಾನು ಪಿಂಚಣಿಯ ಮಾತು ಎತ್ತಿದೆ. ‘ಹೋದ ಉತ್ತರಕ್ಕ ಸಹಿ ನಂದೈತ್ರಿ. ತಿದ್ದಾಕ ನೀವ್ಯಾರು?’ ಎಂದರು. ಪತ್ರ ಅವರ ಹೆಸರಿನಲ್ಲೇ ಮತ್ತೆ ಟೈಪಾಯಿತು. ಇನ್‌ಸ್ಪೆಕ್ಟರ್ ಎಂಬ ಪದ ಅದರಲ್ಲಿ ಎಲ್ಲೂ ಬರಲಿಲ್ಲ.

ಸಮಿತಿ ಬಂದಾಗ ಪ್ರವಾಸಿ ಮಂದಿರದ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಫೈಲು ಹಿಡಿದು ಕೂತಿದ್ದೆ. ಪ್ರಶ್ನೆ ಕೇಳಿದವರು ಬೇರೆ ರಾಜ್ಯದ ಹಿರಿಯ ಸದಸ್ಯರು, ಹಿಂದೆ ಶಾಲಾ ಮೇಷ್ಟ್ರಾಗಿದ್ದವರಂತೆ. ಅವರ ಮುಂದೆ ನಮ್ಮ ಮೂರೂ ಕಾಗದ ಇದ್ದವು, ಮೂರನ್ನೂ ಓದಿಕೊಂಡು ಬಂದಿದ್ದರು. ಅವರು ಮಾತಾಡಿದ್ದು ಹಿಂದಿಯೋ ಇಂಗ್ಲಿಷೋ ಈಗ ನೆನಪಿಲ್ಲ, ಅರ್ಥ ಹೀಗಿತ್ತು:

‘ಜೀಪು ನಿಂತಿದ್ದು ನಿಜವೋ, ಸರ್ವೆ ನಡೆದದ್ದು ನಿಜವೋ?’

‘ಜೀಪು ನಿಂತಿದ್ದು ನಿಜ, ಸರ್,’ ಎಂದರು ಗುರುಪಾದಪ್ಪ.

ಯಾರೋ ನಕ್ಕರು. ಸದಸ್ಯರು ನಗಲಿಲ್ಲ. ‘ಜೀಪು ಚೆನ್ನಾಗಿದ್ದಿದ್ದರೆ ಹೋಗುತ್ತಿದ್ದಿರಾ?’ ಎಂದು ಕೇಳಿದರು.

ಹೌದು ಎಂದಿದ್ದರೆ ಹೊಸ ಜೀಪು ಸಿಗುತ್ತಿತ್ತೇನೋ. ಮುಂದಿನ ಸಾಲಿನಲ್ಲಿ ಕೂತ ಮೇಲಧಿಕಾರಿಗಳೆಲ್ಲ ಆ ಹೌದಿಗಾಗಿ ಕಾಯುತ್ತಿದ್ದರು. ಗುರುಪಾದಪ್ಪನವರು, ‘ಹೇಳಲಾರೆ, ಸರ್. ನಮ್ಮನ್ನು ಕೇಳಿದ್ದು ಎಷ್ಟು ಹಾಳೆ ಅಂತ. ಹಾಳೆ ತುಂಬಲು ಜೀಪು ಬೇಕಾಗುವುದಿಲ್ಲ,’ ಎಂದರು.

ಸದಸ್ಯರು ಅದನ್ನು ಬರೆದುಕೊಂಡರು. ಪಕ್ಕದವರಿಗೆ ಬಗ್ಗಿ ಏನೋ ಹೇಳಿ ಮುಂದಿನ ಕಚೇರಿಯ ವಿಚಾರಕ್ಕೆ ಹೋದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬೇಕು.

ಎಷ್ಟೋ ವರ್ಷಗಳ ಮೇಲೆ ಆ ಸಮಿತಿಯ ಅಚ್ಚಾದ ವರದಿಯನ್ನು ಗ್ರಂಥಾಲಯವೊಂದರಲ್ಲಿ ಹುಡುಕಿ ಓದಿದೆ. ಕೆಲವು ಕಡೆ ಸರ್ವೆ ಸ್ಥಳಕ್ಕೆ ಹೋಗದೆ ನಡೆದಿದೆ, ಗುರಿಯನ್ನು ಹಾಳೆಗಳಲ್ಲಿ ಅಳೆಯುವುದನ್ನು ಮರುಪರಿಶೀಲಿಸಬೇಕು ಎಂದು ಎರಡು ಸಾಲು ಇದ್ದವು. ಜೀಪಿನ ಮಾತು ಇಲ್ಲ, ಸೊರಬದ ಹೆಸರಿಲ್ಲ. ಅದನ್ನು ಓದಿದ ಮೇಲೆ ನನಗೇ ಅನುಮಾನ ಬಂತು. ‘ಜೀಪು ನಿಂತಿದ್ದು ನಿಜ’ ಎಂಬ ಮಾತು ಅಲ್ಲಿ ಆಡಿದ್ದೋ, ನಾವು ಆಮೇಲೆ ಹೇಳಿ ಹೇಳಿ ಹಾಗೆ ಮಾಡಿಕೊಂಡದ್ದೋ? ದ್ಯಾವಪ್ಪನನ್ನು ಕೇಳಿದೆ. ಹಂಗೇ ಅಂದಿದ್ದು ಎಂದು ಅವನು ಆಣೆ ಮಾಡಿದ. ಆದರೆ ಅವನು ಸಭಾಂಗಣದ ಒಳಗೇ ಬಂದಿರಲಿಲ್ಲ, ಅವನಿಗೆ ಹೇಳಿದ್ದು ನಾನೇ. ಅನುಮಾನವಿಲ್ಲದ್ದು ಒಂದು ವಿಷಯ: ಮರು ವರ್ಷ ಬಂದ ಸರ್ವೆ ಹಾಳೆಯಲ್ಲಿ, ಯಾವ ದಿನ, ಯಾವುದರಲ್ಲಿ ಹೋದಿರಿ ಎಂದು ಬರೆಯಲು ಎರಡು ಹೊಸ ಅಂಕಣಗಳಿದ್ದವು. ಹೊಸ ಜೀಪು ಬರಲಿಲ್ಲ. ಬಸ್ಸಿನಲ್ಲಿ ಹೋಗುವುದು ನನಗೆ ರೂಢಿಯಾಗಿಬಿಟ್ಟಿತ್ತು, ಬೇಸರವೂ ಇರಲಿಲ್ಲ.

ಸಮಿತಿ ಬಂದುಹೋದ ಮೇಲೆ ಗುರುಪಾದಪ್ಪನವರ ವಿಷಯ ತೀರ್ಮಾನವಾಗಲು ಐದು ತಿಂಗಳು ಹಿಡಿಯಿತು. ಅಷ್ಟು ದಿನವೂ ತಪಾಲಿನ ಚೀಲ ಬಂದಾಗ ನಾನು ಮೊದಲು ಹೋಗಿ ಬಿಚ್ಚುತ್ತಿದ್ದೆ. ಅವರು ಒಮ್ಮೆಯೂ ಏನು ಬಂತು ಎಂದು ಕೇಳಲಿಲ್ಲ. ಕೊನೆಗೆ ಒಂದು ಶುಕ್ರವಾರ ಬಂತು, ಒಂದೇ ಹಾಳೆ. ಮೊದಲ ಉತ್ತರವನ್ನು ಪರಿಶೀಲಿಸದೆ ಕಳುಹಿಸಿದ್ದಕ್ಕೆ ಎಚ್ಚರಿಕೆ. ತಾವೇ ಮುಂದೆ ಬಂದು ತಿದ್ದಿದ್ದನ್ನು ಗಮನಿಸಿ ಬೇರೆ ಕ್ರಮವಿಲ್ಲ. ವಿಚಾರಣೆ ಇಲ್ಲ, ಪಿಂಚಣಿಗೆ ಅಡ್ಡಿ ಇಲ್ಲ. ನಾನು ಓಡಿಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

‘ಮೂವತ್ತಾರು ವರ್ಷದಾಗ ಶಾಬಾಸ್ ಅಂತ ಬಂದ ಕಾಗದ ಭಾಳ ಅದಾವ್ರಿ. ಅದರಾಗ ಅರ್ಧ ಸುಳ್ಳು,’ ಎಂದರು. ‘ಇದು ನನಗ ಬೇಕು.’

ಮೂಲ ಪತ್ರ ಅವರ ಸೇವಾ ಪುಸ್ತಕಕ್ಕೆ ಹೋಗಬೇಕು, ಕೊಡಲು ಬರುವುದಿಲ್ಲ. ಆ ದಿನ ಟೈಪಿಸ್ಟ್ ರಜೆ. ನಾನೇ ಕೂತು ಇಡೀ ಪತ್ರವನ್ನು ಕೈಬರಹದಲ್ಲಿ ನಕಲು ಮಾಡಿದೆ. ‘ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿದ್ದೇನೆ, ಸರಿಯಿದೆ’ ಎಂದು ಕೆಳಗೆ ಬರೆದು ನನ್ನ ಹೆಸರು ಹಾಕಿ ಸಹಿ ಮಾಡಿದೆ. ಹಾಗೆ ದೃಢೀಕರಿಸುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇಲ್ಲ ಎಂದು ಅವರು ನೆನಪಿಸಿದರು. ಆದರೂ ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.